ಬಣ್ಣ ತಿದ್ದಿದ ಬೇಸಿಗೆ

ಮೊನ್ನೆ ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಸೋಪು, ಟೂತ್‌ಪೇಸ್ಟು ಹುಡುಕುತ್ತ ನಿಂತಿದ್ದೆ. ಮಾರಾಟದ ಹುಡುಗಿಯೊಬ್ಬಳು ಕೇಳದೆಯೇ ನನ್ನ ಮುಂಗೈ ಹಿಡಿದು ಒಂದು ಹನಿ ಕ್ರೀಮು ಹಚ್ಚಿದಳು. "ಸನ್‌ಸ್ಕ್ರೀನ್ ರೀ ಮೇಡಂ, ಹೊಸಾದು ಬಂದೈತಿ. ಹಚ್ಚಿದ್ದ ಗೊತ್ತಾಗಂಗಿಲ್ಲ" ಎಂದಳು. ತೆಂಗಿನೆಣ್ಣೆಗೆ ಗೋಡೆಯ ಬಣ್ಣ ಕಲಸಿದಂಥ ವಾಸನೆ. 2018ರ ಬೇಸಿಗೆ ಇಡಿಯಾಗಿ ನೆನಪಾಗಿಬಿಟ್ಟಿತು. ಹುಡುಗಿ ಏನೋ ಹೇಳುತ್ತಲೇ ಇದ್ದಳು. ನಾನು ಸೋಪು ಕೂಡ ಕೊಳ್ಳದೆ ಹೊರಗೆ ಬಂದೆ. ನನಗೆ ಸಿಟ್ಟು ಬೇಗ ಬರುತ್ತದೆ, ಮನೆಯವರೆಲ್ಲರ ದೂರೂ ಅದೇ. ಆದರೆ ಬರುವ ಸಿಟ್ಟೆಲ್ಲ ಸಾಮಾನ್ಯವಾಗಿ ಬೇರೆಯವರ ಮೇಲೆ. ಆ ಒಂದು ಬೇಸಿಗೆಯನ್ನು ನೆನೆದಾಗ ಮಾತ್ರ ನನ್ನ ಮೇಲೇ ಬರುತ್ತದೆ.

ಆಗ ನಾವು ದುಬೈಗೆ ಹೋಗಿ ಒಂಬತ್ತು ವರ್ಷವಾಗಿತ್ತು. ನಮ್ಮ ಯಜಮಾನರು ಸಿವಿಲ್ ಎಂಜಿನಿಯರ್, ಕೆಲಸ ಅಬುಧಾಬಿಯಲ್ಲಿ. ವಾರವಿಡೀ ಅಲ್ಲಿ ಕಂಪನಿ ಕೊಟ್ಟ ಕೋಣೆಯಲ್ಲಿದ್ದು, ಗುರುವಾರ ಸಂಜೆ ಬಸ್ಸು ಹತ್ತಿ ದುಬೈನ ಕರಾಮದ ನಮ್ಮ ಎರಡು ಕೋಣೆಯ ಮನೆಗೆ ಬರುವರು. ನಾನು ದಿನವೂ ಮೆಟ್ರೊ ಹಿಡಿದು ಜುಮೇರಾ ಲೇಕ್ ಟವರ್ಸಿಗೆ ಹೋಗಿಬರುತ್ತಿದ್ದೆ. ಅಲ್ಲಿ ಹತ್ತೊಂಬತ್ತನೆಯ ಮಹಡಿಯಲ್ಲಿ ಭಟ್ಕಳದ ಇಲ್ಯಾಸ್ ಭಾಯಿಯ ಜಾಹೀರಾತು ಏಜೆನ್ಸಿ. ಒಟ್ಟು ಏಳು ಜನ ನಾವು. ಭಾಯಿ ಮೊದಲು ಪ್ರದರ್ಶನಗಳಿಗೆ ಬೋರ್ಡು, ಬ್ಯಾನರು ಮಾಡಿಸಿಕೊಡುತ್ತಿದ್ದವರು. ಕಾಲ ಬದಲಾಗಿ ಬೋರ್ಡು ಕೇಳುವವರು ಕಡಿಮೆಯಾದಾಗ ಇನ್‌ಫ್ಲುಯೆನ್ಸರ್‌ಗಳ ವ್ಯವಹಾರಕ್ಕೆ ಬಂದರು. ಅಂದರೆ ಫೋನಿನ ಮುಂದೆ ಕೂತು, "ನಾನು ಹಚ್ಚುವುದು ಇದೇ ಲಿಪ್‌ಸ್ಟಿಕ್" ಎಂದು ಸಾವಿರಾರು ಜನರಿಗೆ ಹೇಳಬಲ್ಲ ಹೆಣ್ಣುಮಕ್ಕಳನ್ನು ಹುಡುಕಿ ಕಂಪನಿಗಳಿಗೆ ಜೋಡಿಸುವುದು. ಹುಡುಕುವ ಕೆಲಸ ನನ್ನದು. ಧಾರವಾಡದ ಕಾಲೇಜಿನಲ್ಲಿ ಕಾಮರ್ಸ್ ಓದಿದವಳು ನಲವತ್ತರ ಹೊತ್ತಿಗೆ ಕಂಡವರ ಹುಬ್ಬು, ಕೆನ್ನೆ ನೋಡುತ್ತ ಸಂಬಳ ಎಣಿಸುತ್ತೇನೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಏಪ್ರಿಲ್ ಕೊನೆಗೆ ನನ್ನ ದವಡೆ ಹಲ್ಲು ಕೈಕೊಟ್ಟಿತು. ಕರಾಮದಲ್ಲೇ ಮನೆಯಿಂದ ನಡೆದುಹೋಗುವಷ್ಟು ಹತ್ತಿರ ಒಂದು ಹಲ್ಲಿನ ಕ್ಲಿನಿಕ್ಕಿತ್ತು. ಅಲ್ಲಿ ಮುಂದಿನ ಮೇಜಿನಲ್ಲಿ ಕೂತು ಹೆಸರು ಬರೆದುಕೊಳ್ಳುತ್ತಿದ್ದವಳು ಅಬೆನಾ. ಘಾನಾ ದೇಶದವಳು, ಇಪ್ಪತ್ತೆಂಟರ ಆಸುಪಾಸು. ದಟ್ಟ ಕಪ್ಪು ಬಣ್ಣ, ಅಗಲವಾದ ಹಣೆ, ನೂರಾರು ಸಣ್ಣ ಜಡೆಗಳನ್ನು ಒಟ್ಟುಗೂಡಿಸಿ ಮೇಲೆತ್ತಿ ಕಟ್ಟಿದ ತಲೆಗೂದಲು. ದುಬೈನಲ್ಲಿ ನಮ್ಮ ಕಡೆಯ ಹೆಂಗಸರು ನಾಲ್ಕು ಜನ ಸೇರಿದರೆ ಐದನೆಯ ಮಾತು ಕೂದಲು ಉದುರುವುದು. ಸಮುದ್ರದ ನೀರನ್ನೇ ಸಿಹಿ ಮಾಡಿ ಕೊಡುತ್ತಾರಲ್ಲ, ಆ ನೀರಿಗೆ ನಾವೆಲ್ಲ ಶಾಪ ಹಾಕುತ್ತಿದ್ದೆವು. ನನ್ನ ಜಡೆ ಆಗಲೇ ಇಲಿಬಾಲದಷ್ಟಾಗಿತ್ತು. ಹಲ್ಲುನೋವಿನಲ್ಲೂ ಬಾಯಿ ಸುಮ್ಮನಿರಬೇಕಲ್ಲ, "ಇದು ನಿನ್ನ ಸ್ವಂತ ಕೂದಲೇ?" ಎಂದು ಕೇಳಿಬಿಟ್ಟೆ.

"ದಿನಕ್ಕೆ ಐದು ಜನ ಇದನ್ನೇ ಕೇಳುತ್ತಾರೆ," ಎಂದಳು, ತಲೆ ಎತ್ತದೆ. "ನಿಮ್ಮದು?"

ಊದಿದ ದವಡೆ ಹಿಡಿದುಕೊಂಡೇ ನಕ್ಕೆ. ಅವಳೂ ನಕ್ಕಳು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ. ಆದರೆ ಅವಳು ಮಾತಾಡುವ ಧಾಟಿ ನಮ್ಮ ಓಣಿಯ ಹೆಣ್ಣುಮಕ್ಕಳದೇ ಅನ್ನಿಸಿತು. ನೀರಿಗೆ ಏನು ಮಾಡಬೇಕೆಂದು ನನ್ನ ವಿಡಿಯೊದಲ್ಲಿ ಹೇಳಿದ್ದೇನೆ, ನೋಡಿ ಎಂದು ಒಂದು ಚೀಟಿಯಲ್ಲಿ ತನ್ನ ಚಾನೆಲ್ಲಿನ ಹೆಸರು ಬರೆದುಕೊಟ್ಟಳು.

ನೋಡಿದೆ. ಒಂದಾದ ಮೇಲೊಂದು ನೋಡುತ್ತಲೇ ಹೋದೆ. ಕೋಣೆಯಲ್ಲಿ ಫೋನು ನಿಲ್ಲಿಸಿಕೊಂಡು, ಕೂದಲು ತೊಳೆಯುವುದು, ಬಿಸಿಲಿಗೆ ಒಡೆದ ಚರ್ಮಕ್ಕೆ ಏನು ಮಾಡುವುದು, ತಲೆಗೆ ಬಟ್ಟೆ ಕಟ್ಟಿ ಕೆಲಸ ಮಾಡುವವರು ನೆತ್ತಿಯನ್ನು ಹೇಗೆ ಕಾಪಾಡಿಕೊಳ್ಳುವುದು ಎಂದು ತಮಾಷೆ ಮಾಡುತ್ತ ಹೇಳುತ್ತಿದ್ದಳು. ನೋಡುವವರು ಲಕ್ಷಗಟ್ಟಲೆ ಇರಲಿಲ್ಲ. ಆದರೆ ಕೆಳಗೆ ಬರೆಯುತ್ತಿದ್ದವರನ್ನು ನೋಡಿ ನನ್ನ ಕಸುಬಿನ ಕಣ್ಣು ಚುರುಕಾಯಿತು. ಮಾಲ್‌ಗಳ ಗೇಟಿನಲ್ಲಿ ನಿಲ್ಲುವ ಸೆಕ್ಯೂರಿಟಿ ಹೆಣ್ಣುಮಕ್ಕಳು, ನರ್ಸುಗಳು, ಮನೆಗೆಲಸದವರು, ಮುಹೈಸ್ನಾದ ಕಾರ್ಮಿಕರ ಕ್ಯಾಂಪಿನಿಂದ ಬಸ್ಸಿನಲ್ಲಿ ಶುಚಿಗೊಳಿಸುವ ಕೆಲಸಕ್ಕೆ ಹೋಗುವವರು. ಕೀನ್ಯಾದವರು, ಉಗಾಂಡಾದವರು, ಮಧ್ಯೆ ಮಧ್ಯೆ ತಮಿಳರು, ಸಿಂಹಳೀಯರು. "ಅಕ್ಕಾ, ನೀವು ಹೇಳಿದ ಹಾಗೆ ಮಾಡಿದೆ, ಗುಣವಾಯಿತು" ಎಂದು ಬರೆಯುತ್ತಿದ್ದರು. ಎಲ್ಲರಿಗೂ ಉತ್ತರ ಕೊಡುತ್ತಿದ್ದಳು.

ಇದೇ ಹೊತ್ತಿಗೆ ನಮ್ಮ ಏಜೆನ್ಸಿಗೆ ಒಂದು ಸನ್‌ಸ್ಕ್ರೀನ್ ಕಂಪನಿಯ ಕೆಲಸ ಬಂತು. ಬೇಸಿಗೆಯಿಡೀ ನಡೆಯುವ ಪ್ರಚಾರ, ಹನ್ನೆರಡು ಮುಖಗಳು ಬೇಕು, "ಎಲ್ಲ ಚರ್ಮಕ್ಕೂ ಒಂದೇ ಕ್ರೀಮು" ಎಂಬ ಘೋಷಣೆ. ನಾನು ಹಿಂದಿನ ವರ್ಷದ ಪಟ್ಟಿಯನ್ನು ತೆಗೆದು ಹನ್ನೆರಡು ಫೋಟೊಗಳನ್ನು ಒಂದೇ ಹಾಳೆಯಲ್ಲಿ ಮುದ್ರಿಸಿ ಇಲ್ಯಾಸ್ ಭಾಯಿಯ ಮುಂದಿಟ್ಟೆ. ಅವರು ಕನ್ನಡಕ ಹಣೆಗೇರಿಸಿ ನೋಡಿದರು.

"ಇದೆಂತ ಶೋಭಾ, ಒಂದೇ ಮನೆಯ ಅಕ್ಕ ತಂಗಿಯರ ಹಾಗೆ ಕಾಣ್ತದಲ್ಲ!"

ನಿಜ. ಲೆಬನಾನಿನವಳು, ರಷ್ಯಾದವಳು, ಮುಂಬೈಯವಳು, ಎಲ್ಲ ಬೇರೆ ಬೇರೆ ದೇಶದವರೇ. ಬಣ್ಣ ಮಾತ್ರ ಎಲ್ಲರದೂ ಹಾಲಿಗೆ ಒಂದು ಹನಿ ಚಹಾ ಬಿಟ್ಟಂತೆ. ಅಷ್ಟೇ ಅಲ್ಲ, ಆ ಹನ್ನೆರಡು ಜನರಲ್ಲಿ ಒಬ್ಬಳೂ ಬಿಸಿಲಲ್ಲಿ ನಿಲ್ಲುವವಳಲ್ಲ. ಎಸಿ ಮನೆಯಿಂದ ಎಸಿ ಕಾರಿಗೆ, ಅಲ್ಲಿಂದ ಎಸಿ ಮಾಲಿಗೆ. ಜೂನ್ ತಿಂಗಳಲ್ಲಿ ಬಸ್‌ಸ್ಟಾಪಿನ ಹೊರಗೆ ನಿಂತು ಬೇಯುವವರು ಯಾರು? ಅಬೆನಾಳ ವಿಡಿಯೊ ನೋಡುವವರು. ಇದನ್ನೇ ಭಾಯಿಗೆ ಹೇಳಿದೆ, ಸ್ವಲ್ಪ ಜೋರಾಗಿಯೇ ಹೇಳಿದೆ.

"ಆಯ್ತು ಮಾರಾಯ್ತಿ, ಜಗಳ ಎಂತಕ್ಕೆ? ಕರೆದುಕೊಂಡು ಬನ್ನಿ," ಎಂದರು.

ಅಬೆನಾಳಿಗೆ ಹೇಳಿದಾಗ ಅವಳು ಮೊದಲು ನಂಬಲಿಲ್ಲ. ಆಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತಳು. ಕಾರಣವಿತ್ತು. ಆ ವರ್ಷ ಸರ್ಕಾರ ಹೊಸ ನಿಯಮ ತಂದಿತ್ತು. ಹೀಗೆ ಪ್ರಚಾರ ಮಾಡಿ ಸಂಪಾದಿಸುವವರು ಪರವಾನಗಿ ಪಡೆಯಬೇಕು, ಇಲ್ಲವೇ ಪರವಾನಗಿ ಇರುವ ಏಜೆನ್ಸಿಯ ಕೆಳಗೆ ಸೇರಬೇಕು. ಸ್ವಂತಕ್ಕೆ ಪಡೆಯುವುದು ರಿಸೆಪ್ಷನ್ ಕೆಲಸದ ಹುಡುಗಿಗೆ ಆಗುವ ಮಾತಲ್ಲ. ಯಾವ ಏಜೆನ್ಸಿಯೂ ಅವಳನ್ನು ಸೇರಿಸಿಕೊಂಡಿರಲಿಲ್ಲ. ಗಡುವು ಹತ್ತಿರ ಬರುತ್ತಿತ್ತು. ಚಾನೆಲ್ ನಿಲ್ಲಿಸುವುದೆಂದು ಅವಳು ತೀರ್ಮಾನಿಸಿಯೂ ಆಗಿತ್ತು. ಈ ಪ್ರಚಾರ ಮುಗಿದರೆ ಅವಳನ್ನು ನಮ್ಮ ಪರವಾನಗಿಯ ಕೆಳಗೆ ತೆಗೆದುಕೊಳ್ಳುತ್ತೇವೆ ಎಂದು ಇಲ್ಯಾಸ್ ಭಾಯಿ ಮಾತು ಕೊಟ್ಟರು.

"ಕ್ಲಿನಿಕ್ಕಿನಲ್ಲಿ ನನ್ನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ರಿಸೆಪ್ಷನ್ ಅನ್ನುತ್ತಾರೆ," ಎಂದಳು. "ಅಬೆನಾ ಅಂತ ನನ್ನನ್ನು ಈ ಊರಲ್ಲಿ ಕರೆಯುವುದು ಆ ಚಾನೆಲ್ ನೋಡುವವರು ಮಾತ್ರ."

ಸನ್‌ಸ್ಕ್ರೀನ್ ಕಂಪನಿಯ ಪರವಾಗಿ ನಮ್ಮೊಡನೆ ಮಾತಾಡುತ್ತಿದ್ದವಳು ರೀಮಾ ಎಂಬ ಮ್ಯಾನೇಜರ್. ಅಬೆನಾಳ ಫೋಟೊ ನೋಡಿ, "ಚೆನ್ನಾಗಿದೆ, ನಮಗೂ ವೈವಿಧ್ಯ ಬೇಕಿತ್ತು" ಎಂದಳು. ಆದರೆ ಕಾಗದ ಬಂದಾಗ ನೋಡಿದರೆ ಉಳಿದ ಹನ್ನೊಂದು ಮಂದಿಗೆ ಸಂಭಾವನೆ, ಅಬೆನಾಳಿಗೆ ಮಾತ್ರ ಒಂದು ಪೆಟ್ಟಿಗೆ ಸನ್‌ಸ್ಕ್ರೀನ್! ನನಗೆ ಮೈಯೆಲ್ಲ ಉರಿದುಹೋಯಿತು. ಮೂರು ದಿನ ಫೋನಿನ ಮೇಲೆ ಫೋನು ಮಾಡಿ, ಎಲ್ಲರಿಗೂ ಕೊಟ್ಟಷ್ಟೇ ಅವಳಿಗೂ ಕೊಡುವಂತೆ ಮಾಡಿಸಿದೆ. ಗೆದ್ದ ದಿನ ಸಂಜೆ ನನ್ನ ಬಗ್ಗೆ ನನಗೇ ಎಂಥ ಹೆಮ್ಮೆ! ಅನ್ಯಾಯ ಎಲ್ಲಿಂದ ಬರುತ್ತದೆಂದು ನನಗೆ ಚೆನ್ನಾಗಿ ಗೊತ್ತು, ಬಾಗಿಲಲ್ಲೇ ತಡೆಯುತ್ತೇನೆ ಎಂದುಕೊಂಡಿದ್ದೆ.

ಜೂನ್ ಎರಡನೆಯ ವಾರ ಬೆಳಗ್ಗೆ ಐದೂವರೆಗೆ ಕಡಲ ತೀರದಲ್ಲಿ ಚಿತ್ರೀಕರಣ. ಆ ತಿಂಗಳಲ್ಲಿ ಏಳು ಗಂಟೆಯಾದ ಮೇಲೆ ಹೊರಗೆ ನಿಲ್ಲಲಾಗುವುದಿಲ್ಲ. ತಣ್ಣೀರಿನ ನಲ್ಲಿಯಲ್ಲೂ ಬಿಸಿನೀರೇ ಬರುವ ಕಾಲ. ಕಾರಿನಿಂದ ಇಳಿದ ಕೂಡಲೇ ಕನ್ನಡಕಕ್ಕೆ ಹಬೆ ಕೂತು ಏನೂ ಕಾಣಿಸಲಿಲ್ಲ. ನಮ್ಮ ಫೋಟೊಗ್ರಾಫರ್ ನೊಯೆಲ್ ಎಂಬ ಫಿಲಿಪೈನ್ಸಿನವನು, ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಅಬೆನಾ ಹಳದಿ ಬಟ್ಟೆ ತೊಟ್ಟು ನೀರಿನ ಅಂಚಿನಲ್ಲಿ ನಿಂತಳು. ಎಷ್ಟು ಚೆಂದ ಕಾಣುತ್ತಿದ್ದಳೆಂದರೆ ಓಡಲು ಬಂದವರು ನಿಂತು ನೋಡಿ ಹೋಗುತ್ತಿದ್ದರು.

ಆಮೇಲೆ ಕ್ರೀಮು ಹಚ್ಚಿಕೊಂಡಳು. ಒಂದು ನಿಮಿಷ ತಿಕ್ಕಿದಳು, ಎರಡು ನಿಮಿಷ ತಿಕ್ಕಿದಳು. ಅದು ಒಳಗಿಳಿಯಲೇ ಇಲ್ಲ. ಒಲೆಯ ಬೂದಿ ಹಾರಿ ಕೂತಂತೆ ಮುಖವೆಲ್ಲ ಬೂದು ಬೂದು. ಅಬೆನಾ ಟ್ಯೂಬು ತಿರುಗಿಸಿ ಓದಿದಳು. "ಎಲ್ಲ ಚರ್ಮಕ್ಕೂ ಅಂತ ಬರೆದಿದ್ದಾರೆ. ಇದನ್ನು ಮಾಡುವಾಗ ನನ್ನಂಥವರು ಒಬ್ಬರೂ ಆ ಕೋಣೆಯಲ್ಲಿ ಇರಲಿಲ್ಲ, ನೋಡಿ," ಎಂದಳು.

ನನ್ನ ಮುಖವೂ ಹೀಗೇ ಆಗುತ್ತಿತ್ತು. ಮದುವೆಗೆ ಮುಂಚಿನಿಂದಲೂ ಯಾವ ಕ್ರೀಮು ಹಚ್ಚಿದರೂ ಹೀಗೇ. ಕ್ರೀಮಿನದು ತಪ್ಪಿರಬಹುದು ಎಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ. ನನ್ನ ಮುಖಕ್ಕೇ ಇದು ಹಿಡಿಯುವುದಿಲ್ಲ ಎಂದುಕೊಂಡು, ಸೆರಗಿನಿಂದ ಒರೆಸಿಕೊಂಡು ಹೊರಗೆ ಹೋಗುತ್ತಿದ್ದೆ.

"ವಿಡಿಯೊದಲ್ಲಿ ಇದನ್ನು ಹೇಳಿಬಿಡಲೇ?" ಎಂದು ಅಬೆನಾ ಕೇಳಿದಳು.

"ಈಗ ಬೇಡ. ಮೊದಲು ಪರವಾನಗಿ ಆಗಲಿ," ಎಂದೆ. ಬುದ್ಧಿವಂತಳ ಮಾತು ಆಡಿದೆನೆಂದೇ ಭಾವಿಸಿದೆ.

ಎರಡು ದಿನದ ನಂತರ ಆಫೀಸಿನಲ್ಲಿ ನೊಯೆಲ್ ತನ್ನ ಪರದೆಯ ಮೇಲೆ ಆ ಚಿತ್ರ ತೆರೆದ. ಮುಖ ಬೂದು, ಕತ್ತು ಕಪ್ಪು. ಹೀಗೆ ಕಳಿಸಿದರೆ ರೀಮಾ ಒಪ್ಪುವ ಮಾತೇ ಇಲ್ಲ. "ಎರಡು ದಾರಿ ಇದೆ ಮೇಡಂ," ಎಂದ ನೊಯೆಲ್. "ಬೂದಿ ತೆಗೆದು ಮುಖವನ್ನು ಅವಳ ಬಣ್ಣಕ್ಕೆ ತರಬಹುದು. ಇಲ್ಲದಿದ್ದರೆ ಕತ್ತು, ಕೈ ಎಲ್ಲ ಸ್ವಲ್ಪ ತಿಳಿ ಮಾಡಿ ಮುಖಕ್ಕೆ ಹೊಂದಿಸಬಹುದು."

"ತಿಳಿ ಮಾಡು," ಎಂದೆ.

ಮಾಡಿದ. "ಇನ್ನೊಂದು ಸ್ವಲ್ಪ," ಎಂದೆ. ಮಾಡಿದ. ಹಿಂದೆ ಸರಿದು ನಿಂತು ನೋಡಿದೆ. ಚೆಂದ ಕಂಡಿತು! ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಬರೆಯದಿದ್ದರೆ ಸುಳ್ಳಾಗುತ್ತದೆ. ನನಗೆ ಯಾರೂ ಹೇಳಿರಲಿಲ್ಲ, ಕಂಪನಿಯವರು ಕೇಳಿರಲಿಲ್ಲ, ನನ್ನ ಕಣ್ಣಿಗೇ ಅದು ಚೆಂದ ಕಂಡಿತು. ನನ್ನ ಹುಡುಗಿಗೆ ಒಳ್ಳೆಯದು ಮಾಡಿದೆ, ಇನ್ನು ಯಾರೂ ಅವಳನ್ನು ಬೇಡವೆನ್ನಲಾರರು ಎಂದು ನೆಮ್ಮದಿಯೂ ಆಯಿತು.

ನಮ್ಮ ಕಡೆ ಹೆಣ್ಣುಮಕ್ಕಳ ಫೋಟೊ ಹೇಗೆ ತೆಗೆಸುತ್ತಿದ್ದರು ಗೊತ್ತಲ್ಲ? ವರನ ಕಡೆಗೆ ಕಳಿಸುವ ಫೋಟೊ ತೆಗೆಸಲು ನಮ್ಮಪ್ಪ ನನ್ನನ್ನು ಧಾರವಾಡದ ಒಂದು ಸ್ಟುಡಿಯೊಗೆ ಕರೆದುಕೊಂಡು ಹೋಗಿದ್ದ. ಮೊದಲು ಮುಖಕ್ಕೆ ಪೌಡರು ಬಳಿದು ಎರಡು ದೊಡ್ಡ ದೀಪದ ಮುಂದೆ ಕೂಡಿಸಿದರು. ಹೊರಗೆ ಬರುವಾಗ ಅಪ್ಪ ಸ್ಟುಡಿಯೊದವನ ಕಿವಿಯ ಹತ್ತಿರ ಹೋಗಿ, "ಒಂದೀಟು ಬೆಳ್ಳಗ ಮಾಡ್ರಿ" ಎಂದ. ನನಗೆ ಕೇಳಿಸಿತು, ಆದರೆ ಅವಮಾನ ಅನ್ನಿಸಲಿಲ್ಲ. ಅಪ್ಪನಿಗೆ ನನ್ನ ಮೇಲೆ ಎಷ್ಟು ಪ್ರೀತಿ ಅನ್ನಿಸಿತು. ನಮ್ಮ ಮನೆಯಲ್ಲಿ ಗೋಡೆಗೆ ಹಾಕಿದ ಹೆಣ್ಣುಮಕ್ಕಳ ಫೋಟೊಗಳಲ್ಲಿ ಒಂದಕ್ಕೂ ಇದ್ದ ಬಣ್ಣವಿಲ್ಲ. ಪ್ರೀತಿಯಿದ್ದವರು ಹಾಗೆ ಮಾಡಿಸುತ್ತಾರೆ ಎಂದೇ ನಾನು ಕಲಿತಿದ್ದೆ, ಅದನ್ನೇ ಅಬೆನಾಳಿಗೆ ಮಾಡಿದೆ.

ರೀಮಾ ಅರ್ಧ ಗಂಟೆಯಲ್ಲಿ ಒಪ್ಪಿದಳು. ನಮ್ಮ ಕೆಲಸದಲ್ಲಿ ಪದ್ಧತಿ ಹಾಗಿತ್ತು: ಮೊದಲು ಏಜೆನ್ಸಿ ನೋಡಬೇಕು, ಆಮೇಲೆ ಕಂಪನಿ, ಎಲ್ಲ ಒಪ್ಪಿಗೆಯಾದ ಮೇಲೆ ಫೋಟೊದಲ್ಲಿ ಇರುವವಳು. ಅಬೆನಾಳಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಉತ್ತರ ಬರಲಿಲ್ಲ. ಸಂಜೆ ಕ್ಲಿನಿಕ್ಕಿನ ಯೂನಿಫಾರ್ಮಿನಲ್ಲೇ ನೆಟ್ಟಗೆ ನಮ್ಮ ಆಫೀಸಿಗೆ ಬಂದಳು. ಫೋನನ್ನು ನನ್ನ ಮುಂದೆ ಹಿಡಿದಳು.

"ಇವಳು ಯಾರು?"

ನಾನು ಬಾಯಿ ತೆರೆಯುವ ಮುಂಚೆ ಅವಳೇ ಮುಂದುವರಿಸಿದಳು. ಊರಲ್ಲಿ, ಘಾನಾದ ಕುಮಾಸಿಯಲ್ಲಿ, ಅವಳ ಅಕ್ಕ ಬೆಳ್ಳಗಾಗಲೆಂದು ಯಾವುದೋ ಕ್ರೀಮು ವರ್ಷಗಟ್ಟಲೆ ಹಚ್ಚಿ ಎರಡೂ ಕೆನ್ನೆ ಸುಟ್ಟುಕೊಂಡಿದ್ದಳಂತೆ. ಈಗ ಮನೆಯಿಂದ ಹೊರಗೆ ಬರುವುದಿಲ್ಲವಂತೆ. "ಅದಾದ ಮೇಲೇ ನಾನು ಈ ಚಾನೆಲ್ ಶುರು ಮಾಡಿದ್ದು. ಹೀಗೇ ಇರಿ, ಏನೂ ಆಗಬೇಡಿ ಅಂತ ಹುಡುಗಿಯರಿಗೆ ಹೇಳಲಿಕ್ಕೆ. ಇದನ್ನು ನನ್ನ ಚಾನೆಲ್ಲಿನಲ್ಲಿ ಹಾಕಿದರೆ ನಾನು ಅವರ ಮುಖ ಹೇಗೆ ನೋಡಲಿ? ಯಾರು ಮಾಡಿದ್ದು ಇದು?"

ನನ್ನ ನಾಲಿಗೆ ಸಲೀಸಾಗಿ ಹೊರಳಿತು. "ಕಂಪನಿಯವರು ಹಾಗೇ ಅಬೆನಾ, ಅವರಿಗೆ ಹೀಗೇ ಬೇಕಂತೆ," ಎಂದೆ.

ಅವಳು ದೊಡ್ಡದಾಗಿ ಉಸಿರುಬಿಟ್ಟಳು. "ನೀವಲ್ಲ ಅಂತ ನನಗೆ ಗೊತ್ತಿತ್ತು," ಎಂದು ನನ್ನ ಕೈ ಮುಟ್ಟಿ ಹೋದಳು.

ಗುರುವಾರ ಯಜಮಾನರು ಬಂದರು. ಊಟಕ್ಕೆ ಕೂತಾಗ ನಡೆದದ್ದನ್ನೆಲ್ಲ ಹೇಳಿದೆ, ಆದರೆ ನನಗೆ ಬೇಕಾದ ಹಾಗೆ ಹೇಳಿದೆ. ಆ ರೀಮಾ ಒಪ್ಪಲಿಕ್ಕಿಲ್ಲ ಎಂಬ ಹೆದರಿಕೆಯಿಂದ ಮಾಡಬೇಕಾಯಿತು, ಅಬೆನಾಳ ಒಳ್ಳೆಯದಕ್ಕೇ ಮಾಡಿದ್ದು, ಹೀಗೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

"ಏ ಶೋಭಾ, ಆಕೀ ರೀಮಾ ಕೇಳಿದ್ಲೇನು?"

"ಇಲ್ಲ."

"ಮತ್ತ ನೀನ ಮಾಡಿ ಆಕೀ ಮ್ಯಾಲ ಯಾಕ ಹಾಕ್ತಿ?"

"ಅಯ್ಯ, ನಿಮಗೇನ್ ತಿಳಿತದರಿ ನಮ್ಮ ಕೆಲಸ!" ಎಂದು ಎಗರಿಬಿದ್ದೆ.

"ನನಗ ಕೆಲಸ ತಿಳ್ಯಂಗಿಲ್ಲ ಬಿಡು. ಫೋಟೊ ತಿಳೀತದ. ನಿಮ್ಮಪ್ಪ ಕಳಿಸಿದ್ದ ಫೋಟೊ ನೋಡಿ ಬಂದಾಂವ ನಾನು. ಬಾಗಿಲಾಗ ನಿನ್ನ ನೋಡಿ ನಮ್ಮವ್ವ, 'ಫೋಟೊದಾಗಿನ ಹುಡುಗಿ ಒಳಗ ಅದಾಳೇನು?' ಅಂತ ಕೇಳಿದ್ಲು. ನೀ ಅಳೋದು ಕೇಳಿಸಿತ್ತು ನನಗ, ಅಡಗೀಮನಿಯಿಂದ."

ಹದಿನೇಳು ವರ್ಷದಲ್ಲಿ ಈ ಮಾತನ್ನು ಅವರು ಒಮ್ಮೆಯೂ ಎತ್ತಿರಲಿಲ್ಲ.

ಅಬೆನಾಳಿಗೆ ನಿಜ ಹೇಳಿಬಿಡೋಣ ಎಂದು ಶುಕ್ರವಾರವಿಡೀ ಫೋನು ಕೈಯಲ್ಲಿ ಹಿಡಿದು ಕೂತೆ, ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಅಬೆನಾ ತಾನೇ ರೀಮಾಗೆ ಒಂದು ಪತ್ರ ಕಳಿಸಿದ್ದಳು. ನನ್ನ ಬಣ್ಣ ಬದಲಾಯಿಸಲು ನಿಮಗೆ ಒಪ್ಪಿಗೆ ಕೊಟ್ಟಿಲ್ಲ, ದಯವಿಟ್ಟು ಆ ಚಿತ್ರ ಬಳಸಬೇಡಿ ಎಂದು, ಬಹಳ ಮರ್ಯಾದೆಯಿಂದ. ಭಾನುವಾರ ಆಫೀಸು ತೆರೆದ ಕೂಡಲೇ ರೀಮಾಳ ಫೋನು. ಮಧ್ಯಾಹ್ನ ಎಲ್ಲರೂ ನಮ್ಮ ಸಣ್ಣ ಮೀಟಿಂಗ್ ಕೋಣೆಯಲ್ಲಿ ಕೂತೆವು. ರೀಮಾ, ಅಬೆನಾ, ಇಲ್ಯಾಸ್ ಭಾಯಿ, ನಾನು.

"ನಾವು ಹೀಗೆ ಮಾಡಿ ಅಂತ ಹೇಳೇ ಇಲ್ಲ," ಎಂದಳು ರೀಮಾ. "ನಮಗೆ ಬಂದ ಚಿತ್ರವೇ ಇದು."

ಇಲ್ಯಾಸ್ ಭಾಯಿ ತಪ್ಪು ನೊಯೆಲ್‌ನದೇ ಇರಬೇಕೆಂದು ಅವನನ್ನು ಕರೆಯಲು ಎದ್ದರು. ಅವನು ಬಂದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಮಾತು ಕಡಿಮೆಯ ಹುಡುಗ, ನನ್ನ ಹೆಸರು ಹೇಳದೆ ತಲೆತಗ್ಗಿಸಿ ನಿಲ್ಲುತ್ತಿದ್ದ.

"ಕೂತ್ಕೊಳ್ಳಿ ಭಾಯಿ," ಎಂದೆ. ಆಮೇಲೆ ಅಬೆನಾಳ ಕಡೆ ತಿರುಗಿದೆ. "ನಾನೇ ಹೇಳಿ ಮಾಡಿಸಿದ್ದು. ನಿನಗೆ ಸುಳ್ಳು ಹೇಳಿದೆ."

ಅವಳು ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. "ಯಾಕೆ?" ಎಂದು ಮಾತ್ರ ಕೇಳಿದಳು.

"ಚೆಂದ ಕಾಣಲಿ ಅಂತ."

ಅವಳು ನನ್ನ ಮುಖವನ್ನೇ ನೋಡಿದಳು, ನನ್ನ ಕೈಗಳನ್ನು ನೋಡಿದಳು. ಅವಳಷ್ಟು ಅಲ್ಲದಿದ್ದರೂ ನಾನೂ ಕಪ್ಪೇ.

"ಹಣ ಕೊಡುವುದಿಲ್ಲ ಅಂದವರ ಹತ್ತಿರ ನನ್ನ ಪರವಾಗಿ ಜಗಳವಾಡಿದಿರಲ್ಲ, ಆಗಲೂ ನಿಮಗೆ ನಾನು ಚೆಂದ ಕಾಣುತ್ತಿರಲಿಲ್ಲವೇ?" ಎಂದಳು.

ಅವಳು ಎದ್ದು ಹೋದಳು. ರೀಮಾ ಮೂಲ ಚಿತ್ರ ತರಿಸಿ ನೋಡಿದಳು, ಬೂದು ಮುಖ ನೋಡಿ ಅವಳ ಮುಖವೂ ಸಣ್ಣದಾಯಿತು. ಇದನ್ನು ಹಾಕಿದರೆ ಕ್ರೀಮು ಮಾರುವುದು ಹೇಗೆ ಎಂದಳು. ನೊಯೆಲ್ ಹೇಳಿದ್ದ ಮೊದಲ ದಾರಿಯಲ್ಲಿ ಬೂದಿ ತೆಗೆದು ಹಾಕೋಣವೇ ಎಂದೆ. ಅದೂ ಸುಳ್ಳಾಗುತ್ತದೆ ಎಂದು ಅವಳೇ ಅಂದಳು. ಆ ಒಂದು ಮಾತಿಗೆ ಇವತ್ತಿಗೂ ಅವಳ ಮೇಲೆ ನನಗೆ ಗೌರವವಿದೆ. ಪ್ರಚಾರ ಹನ್ನೊಂದು ಮುಖಗಳೊಂದಿಗೆ ಹೊರಟಿತು. ಘೋಷಣೆಯಲ್ಲಿ ಒಂದಕ್ಷರವೂ ಬದಲಾಗಲಿಲ್ಲ.

ಅಬೆನಾಳ ಪರವಾನಗಿ ನಿಂತುಹೋಯಿತು. ಫೋನು ಮಾಡಿದರೆ ಎತ್ತಲಿಲ್ಲ. ಚಾನೆಲ್ಲಿನಲ್ಲಿ ಒಂದು ಸಾಲು ಕಾಣಿಸಿತು: ಇನ್ನು ಸ್ವಲ್ಪ ದಿನದಲ್ಲಿ ಇದನ್ನು ಮುಚ್ಚುತ್ತಿದ್ದೇನೆ, ಎಲ್ಲರಿಗೂ ಧನ್ಯವಾದ. ಕೆಳಗೆ ನೂರಾರು ಜನ ಬರೆದಿದ್ದರು. ಬೇಡ ಅಕ್ಕಾ, ಹೋಗಬೇಡ ಅಕ್ಕಾ. ಒಬ್ಬಳು, ನಾನು ದಿನಕ್ಕೆ ಹತ್ತು ಗಂಟೆ ಗೇಟಿನಲ್ಲಿ ನಿಲ್ಲುತ್ತೇನೆ, ನನ್ನ ಹಾಗೆ ಇರುವವಳೊಬ್ಬಳು ನಗುತ್ತಾ ಮಾತಾಡುವುದನ್ನು ನೋಡಲಿಕ್ಕೆ ಶುಕ್ರವಾರ ಬರಲೆಂದು ಕಾಯುತ್ತೇನೆ ಎಂದು ಬರೆದಿದ್ದಳು. ಅವನ್ನೆಲ್ಲ ಕಾಗದಕ್ಕಿಳಿಸಿ ಇಲ್ಯಾಸ್ ಭಾಯಿಯ ಕೋಣೆಗೆ ಹೋದೆ. ಒಂದೊಂದನ್ನೂ ಓದಿ ಹೇಳಿದೆ.

"ಶೋಭಾ, ಕೆಲಸವೇ ಇಲ್ಲದೆ ಅವಳನ್ನು ಎಂತ ಹೇಳಿ ಸೇರಿಸುವುದು?"

"ಕೆಲಸ ನಾನು ತರ್ತೇನೆ ಭಾಯಿ. ತರದಿದ್ದರೆ ನನ್ನನ್ನೂ ಕಳಿಸಿಬಿಡಿ."

ಅವರು ಆ ಕಾಗದಗಳನ್ನು ಜೋಡಿಸಿ ಮೇಲೆ ಪೇಪರ್‌ವೇಟ್ ಇಟ್ಟರು. "ನಿಮ್ಮನ್ನು ಕಳಿಸಿ ನಾನೆಂತ ಮಾಡ್ಲಿ? ಆಯ್ತು, ಖಲಾಸ್, ಸೇರಿಸುವ. ಆದ್ರೆ ನಾವು ಸೇರಿಸಿದ್ರೆ ಆಯ್ತಾ? ಅವಳು ಬರ್ತಾಳಾ ಕೇಳಿದ್ರಾ? ಹೋಗಿ ನೀವೇ ಕೇಳಿ. ಫೋನಲ್ಲಿ ಅಲ್ಲ."

ಹೋದೆ. ಅಬೆನಾ ನನ್ನನ್ನು ನೋಡಿ, ಬೇರೆಯವರಿಗೆ ಹೇಳುವಂತೆಯೇ "ಕೂತುಕೊಳ್ಳಿ, ಕರೆಯುತ್ತೇನೆ" ಎಂದಳು. ಹಲ್ಲುನೋವಿನವರ ಸಾಲಿನಲ್ಲಿ ಒಂದೂಮುಕ್ಕಾಲು ಗಂಟೆ ಕೂತೆ. ನನ್ನ ನಂತರ ಬಂದವರೂ ಒಳಗೆ ಹೋಗಿಬಂದರು. ಕೊನೆಗೆ ಕರೆದಳು. ಕ್ಷಮೆ ಕೇಳಿ ಕರಾರಿನ ಕಾಗದ ಮುಂದಿಟ್ಟೆ. ಪ್ರತಿ ಸಾಲನ್ನೂ ಬೆರಳಿಟ್ಟು ಓದಿದಳು. ಪೆನ್ನು ತೆಗೆದು ಅಂಚಿನಲ್ಲಿ ಒಂದು ವಾಕ್ಯ ಬರೆದಳು: ಚಿತ್ರದಲ್ಲಿ ಯಾರ ಮುಖ ಇದೆಯೋ ಅವರು ಅದನ್ನು ಎಲ್ಲರಿಗಿಂತ ಮೊದಲು ನೋಡಬೇಕು. ನನ್ನಿಂದ ಅದರ ಕೆಳಗೆ ಸಹಿ ಹಾಕಿಸಿ, ಆಮೇಲೆ ತಾನು ಸಹಿ ಹಾಕಿದಳು.

"ಕ್ಷಮಿಸಿಬಿಟ್ಟೆ ಅಂತ ತಿಳಿಯಬೇಡಿ," ಎಂದಳು. "ನನಗೆ ಪರವಾನಗಿ ಬೇಕು, ಅದಕ್ಕೆ."

ಆ ವಾಕ್ಯ ಮುಂದೆ ನಮ್ಮ ಎಲ್ಲ ಕರಾರುಗಳಲ್ಲೂ ಸೇರಿತು. ಬೇರೆ ಬಣ್ಣದ ಇನ್‌ಫ್ಲುಯೆನ್ಸರ್‌ಗಳು ಒಬ್ಬೊಬ್ಬರಾಗಿ ನಮ್ಮಲ್ಲಿಗೆ ಬಂದರು. ಅದನ್ನು ಓದಿಯೇ ಬಂದೆ ಎಂದು ಒಂದಿಬ್ಬರು ಹೇಳಿದರು. ಅಬೆನಾ ನಮ್ಮೊಡನೆ ಎರಡು ವರ್ಷವಿದ್ದು ಆಮೇಲೆ ಸ್ವಂತ ಪರವಾನಗಿ ಮಾಡಿಕೊಂಡಳು. ಮೊದಲಿನ ಸಲಿಗೆ ನಮ್ಮ ನಡುವೆ ಮತ್ತೆ ಬರಲಿಲ್ಲ. ಅದು ನ್ಯಾಯವೇ.

ಆದರೆ ಆಗಸ್ಟಿನಲ್ಲಿ ಒಮ್ಮೆ ಅವಳೇ ಫೋನು ಮಾಡಿದ್ದಳು. ಕಪ್ಪು ಚರ್ಮಕ್ಕೆ ಯಾವ ಸನ್‌ಸ್ಕ್ರೀನ್ ಆಗುತ್ತದೆ, ಯಾವುದು ಬೂದಿಯಾಗುತ್ತದೆ ಎಂದು ಹಚ್ಚಿ ತೋರಿಸುವ ವಿಡಿಯೊ. ತನ್ನದಲ್ಲದೆ ಇನ್ನೊಂದು ಮುಖ ಬೇಕು, ನೀವು ಬನ್ನಿ ಎಂದಳು. ಕೇಳಿದ್ದಲ್ಲ, ಬನ್ನಿ ಎಂದದ್ದು. ಶುಕ್ರವಾರ ಬೆಳಗ್ಗೆ ಅವಳ ಕೋಣೆಗೆ ಹೋದೆ. ಆರು ಜನ ಹಂಚಿಕೊಂಡ ಬೆಡ್‌ಸ್ಪೇಸ್ ಅದು, ಕೆಳಗಿನ ಮಂಚದ ಮೇಲೆ ಕಿಟಕಿಯ ಬೆಳಕು ಬೀಳುತ್ತಿತ್ತು. ನನ್ನನ್ನು ಅಲ್ಲಿ ಕೂಡಿಸಿ, ಮುಖ ತೊಳೆಸಿ, ಅರ್ಧ ಮುಖಕ್ಕೆ ರೀಮಾಳ ಕಂಪನಿಯ ಆ ಕ್ರೀಮನ್ನೇ ಹಚ್ಚಿದಳು. ಅಷ್ಟು ದಿನ ಕ್ಯಾಮೆರಾದ ಹಿಂದೆ ನಿಂತು ಆರ್ಡರು ಮಾಡಿದವಳಿಗೆ ಮುಂದೆ ಕೂತಾಗ ಕೈಕಾಲು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಮುಗಿದ ಮೇಲೆ ಫೋನು ನನ್ನ ಕೈಗೆ ಕೊಟ್ಟಳು. "ನಿಯಮ. ಮೊದಲು ನೀವು ನೋಡಿ. ಏನಾದರೂ ತಿದ್ದಬೇಕೇ?"

ನೋಡಿದೆ. ಅರ್ಧ ಬೂದು, ಅರ್ಧ ನಾನು. ನಾನಿದ್ದ ಆ ಅರ್ಧದ ಮೇಲೆ ಕಣ್ಣಿಡಲು ಕಷ್ಟವಾಯಿತು. ಒಂದೀಟು ತಿಳಿ ಮಾಡು ಅನ್ನುವ ಮಾತು ತುಟಿಯವರೆಗೂ ಬಂತು, ಸುಳ್ಳು ಹೇಳಲಾರೆ.

"ಹಾಗೇ ಹಾಕು," ಎಂದು ಫೋನು ವಾಪಸ್ಸು ಕೊಟ್ಟೆ.

ಆ ವಿಡಿಯೊ ಎಲ್ಲಿಂದ ಎಲ್ಲಿಗೋ ಸುತ್ತಿ ಧಾರವಾಡದಲ್ಲಿ ನನ್ನ ತಮ್ಮನ ಫೋನಿಗೂ ಬಂತಂತೆ. ಮರುವಾರ ಅವ್ವನ ಕರೆ.

"ಏನವಾ ಶೋಭಾ, ಇಷ್ಟು ಕಪ್ಪ ಆಗೀಯಲ್ಲ! ದುಬೈ ಬಿಸಲಿಗೆ ಮಾರಿ ಹ್ಯಾಂಗ ಆಗೇತಿ ನೋಡು. ಮೊದಲ ಎಷ್ಟು ತಿಳಿ ಇದ್ದಿ ನೀನು."

"ಇಲ್ಲವಾ," ಎಂದೆ. "ಬಿಸಲಿಗೆ ಆಗಿದ್ದಲ್ಲ. ನಾ ಹುಟ್ಟಿದಾಗಿಂದ ಇದ ಬಣ್ಣ."

ಕರೆ ಕಟ್ಟಾಯಿತೇನೋ ಎಂದು ಹಲೋ ಹಲೋ ಅಂದೆ.

"ಇದ್ದೀನವಾ," ಎಂದಳು ಅವ್ವ. "ಮರತ ಬಿಟ್ಟಿದ್ದೆ ನೋಡು, ನಿನ್ನ ಮಾರಿ."